ಕ್ಲಚ್ ಹಿಡಿದರೂ ಬೈಕ್ ಜಿಗಿಯುವುದೇಕೆ?

‘ರಾತ್ರಿ ಗೇರಿನಲ್ಲೇ ನಿಲ್ಲಿಸಿದ ಬೈಕು ಬೆಳಿಗ್ಗೆ ಕ್ಲಚ್ ಹಿಡಿದು ಸೆಲ್ಫ್ ಒತ್ತಿದರೆ ಮುಂದಕ್ಕೆ ಜಿಗಿಯುತ್ತದೆ. ಮಧ್ಯಾಹ್ನ ಹಾಗಾಗುವುದಿಲ್ಲ. ಕ್ಲಚ್ ಪ್ಲೇಟು ಸವೆದಿದೆಯೇ?’ ಮಡಿಕೇರಿಯ ಓದುಗರೊಬ್ಬರ ಪ್ರಶ್ನೆಯಿದು. ಊರಿನ ಚಳಿಯಲ್ಲೇ ಅರ್ಧ ಉತ್ತರವಿದೆ.

ಕ್ಲಚ್ ಹಿಡಿದೊಡನೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಪೂರ್ತಿ ಕಡಿಯುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ನಮ್ಮ ಬಹುಪಾಲು ಬೈಕುಗಳ ಕ್ಲಚ್ ಆಯಿಲ್‌ನಲ್ಲೇ ತೋಯ್ದಿರುತ್ತದೆ. ಲಿವರ್ ಎಳೆದಾಗ, ಕ್ಲಚ್ ಪ್ಲೇಟುಗಳನ್ನು ಅದುಮಿ ಹಿಡಿದಿದ್ದ ಒತ್ತುಪ್ಲೇಟು ಸರಿಯುವುದು ಹೆಚ್ಚೆಂದರೆ 2 ಮಿ.ಮೀ. ಆಸುಪಾಸು. ಐದು ಘರ್ಷಣೆ ಪ್ಲೇಟುಗಳಿದ್ದರೆ ಹತ್ತು ಮುಖಗಳು; ಒಂದೊಂದಕ್ಕೆ ದಕ್ಕುವ ಸಂದು 0.2 ಮಿ.ಮೀ.! ಆ ಸಂದಿನಲ್ಲೂ ಆಯಿಲ್ ತುಂಬಿರುತ್ತದೆ. ತೊಳೆದು ಒಂದರ ಮೇಲೊಂದಿಟ್ಟ ಸ್ಟೀಲ್ ತಟ್ಟೆಗಳು ಹೇಗೆ ಅಂಟಿಕೊಳ್ಳುತ್ತವೋ, ರಾತ್ರಿಯೆಲ್ಲ ಒತ್ತಿಕೊಂಡಿದ್ದ ಪ್ಲೇಟುಗಳೂ ಹಾಗೆಯೇ. ಚಳಿಗೆ ಆಯಿಲ್ ದಪ್ಪಗಾದಷ್ಟೂ ಒಂದು ಪ್ಲೇಟು ಇನ್ನೊಂದನ್ನು ತನ್ನೊಡನೆ ಎಳೆದುಕೊಂಡು ತಿರುಗುತ್ತದೆ. ಆ ಎಳೆತವನ್ನು ಮೊದಲ ಗೇರು, ಚೈನ್ ಸ್ಪ್ರಾಕೆಟ್‌ಗಳು ಹಲವು ಪಟ್ಟು ಹಿಗ್ಗಿಸಿ ಚಕ್ರಕ್ಕೆ ಕೊಡುತ್ತವೆ. ಬೈಕು ಜಿಗಿಯದೆ ಇನ್ನೇನು ಮಾಡೀತು?

ನನಗೆ ಅತ್ಯಂತ ಸೊಗಸೆನಿಸುವುದು ಮುಂದಿನ ಸಂಗತಿ. ಪ್ಲೇಟುಗಳು ತಿರುಗುವ ವೇಗ ಏರಿದಂತೆ ಈ ಎಳೆತವೂ ಏರಬೇಕಲ್ಲವೇ? ಏರುತ್ತದೆ, ಆದರೆ ಒಂದು ಮಟ್ಟದವರೆಗೆ ಮಾತ್ರ. ಅದನ್ನು ದಾಟಿದರೆ ತಿರುಗುವ ರಭಸಕ್ಕೆ ಆಯಿಲ್ ಅಂಚಿನತ್ತ ಚಿಮ್ಮಿ, ಸಂದಿಗೆ ಗಾಳಿ ನುಗ್ಗುತ್ತದೆ. ಆಯಿಲ್ ಪದರ ಹರಿದು ಎಳೆತ ಕುಸಿಯುತ್ತದೆ. ಘರ್ಷಣೆ ಪ್ಲೇಟಿನ ಮೇಲ್ಮೈಯನ್ನು ತುಂಡು ತುಂಡಾಗಿ, ನಡುವೆ ತೋಡು ಬಿಟ್ಟು ಮಾಡಿರುವುದು ಆಯಿಲ್ ಬೇಗ ಹರಿದುಹೋಗಲೆಂದೇ. ಕ್ಲಚ್ ಬಿಡುವಾಗ ಪ್ಲೇಟುಗಳನ್ನು ಸುಡದಂತೆ ಕಾಯುವುದೂ ಇದೇ ಆಯಿಲ್. ಹಾಗಾಗಿ ಅದನ್ನು ಶತ್ರುವೆನ್ನಬೇಡಿ.

ಹಳೆಯ ಬುಲೆಟ್‌ನಲ್ಲಿ ಕಿಕ್ಕಿನ ಬಲ ಗೇರ್‌ಬಾಕ್ಸ್, ಕ್ಲಚ್ ಮೂಲಕವೇ ಎಂಜಿನ್ ತಲುಪುತ್ತದೆ. ಅನುಭವಸ್ಥ ಸವಾರರು ಕ್ಲಚ್ ಹಿಡಿದು ಒಂದೆರಡು ಸಲ ಕಿಕ್ ತುಳಿದು, ಅಂಟಿದ ಪ್ಲೇಟುಗಳನ್ನು ಬಿಡಿಸಿಯೇ ಸ್ಟಾರ್ಟ್ ಮಾಡುವುದು ಇದಕ್ಕೇ.

ಓದುಗರೇ, ಸವೆದ ಪ್ಲೇಟು ಜಾರುತ್ತದೆ. ಎಂಜಿನ್ ಕೂಗುತ್ತದೆ, ಬೈಕು ಓಡುವುದಿಲ್ಲ. ನಿಮ್ಮದು ಅದಕ್ಕೆ ತದ್ವಿರುದ್ಧ ಕಾಯಿಲೆ. ಚಳಿಯ ಬೆಳಿಗ್ಗೆ ನ್ಯೂಟ್ರಲ್‌ನಲ್ಲೇ ಸ್ಟಾರ್ಟ್ ಮಾಡಿ. ಅದಕ್ಕೆ ಮುನ್ನ ಗೇರಿನಲ್ಲಿಟ್ಟು, ಕ್ಲಚ್ ಹಿಡಿದು ಬೈಕನ್ನು ಹಿಂದೆ ಮುಂದೆ ತಳ್ಳಿದರೆ ಪ್ಲೇಟುಗಳು ಬಿಡಿಸಿಕೊಳ್ಳುತ್ತವೆ. ಎಂಜಿನ್ ಬಿಸಿಯಾದ ಮೇಲೂ ಜಿಗಿದರೆ ಕೇಬಲ್ ಸಡಿಲವಾಗಿದೆಯೇ, ಕೈಪಿಡಿಯಲ್ಲಿ ಹೇಳಿದ ಆಯಿಲನ್ನೇ ಹಾಕಿದ್ದೀರಾ ನೋಡಿ. ಹೊಸ ಪ್ಲೇಟಿಗೆ ದುಡ್ಡು ಸುರಿಯುವುದು ಇವೆಲ್ಲ ಆದ ಮೇಲೆ.