ಕಡತ ಯಾರ ಮೇಜಿನ ಮೇಲಿದೆ?

ಬೀದಿಯಲ್ಲಿ ಮಲಗುವ ಒಬ್ಬ ಮಾಜಿ ಸೈನಿಕ ಸರ್ಕಾರದ ನೆರವಿನಿಂದ ಒಂದು ಮನೆ ಸೇರಬೇಕಾದರೆ ಎಷ್ಟು ಹಂತ ದಾಟಬೇಕು, ಎಷ್ಟು ದಿನ ಕಾಯಬೇಕು? ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಹನ್ನೆರಡು ಹದಿಮೂರು ವರ್ಷಗಳ ಹಿಂದೆ ಈ ಲೆಕ್ಕ ಹಾಕಿದಾಗ ಸಿಕ್ಕ ಉತ್ತರ 76 ಹಂತ, 720 ದಿನ. ಇದರಲ್ಲಿ ಲಂಚವಿರಲಿಲ್ಲ, ಕೆಲಸಗಳ್ಳತನವೂ ಇರಲಿಲ್ಲ. ಪ್ರತಿಯೊಂದು ಹಂತಕ್ಕೂ ಒಂದು ನಿಯಮವಿತ್ತು, ಪ್ರತಿ ನಿಯಮಕ್ಕೂ ಒಂದು ಕಾರಣವಿತ್ತು. ಎಲ್ಲ ಕಚೇರಿಗಳೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದವು. ಆ ಮನುಷ್ಯ ಮಾತ್ರ ಎರಡು ವರ್ಷ ಸೇತುವೆಯ ಕೆಳಗೇ ಇರುತ್ತಿದ್ದ.

ಇಲಾಖೆಗಳನ್ನು ಕೂಡಿಸಿ ಕೆಲಸ ತೆಗೆಯುವುದನ್ನು ನಾವು ಸಾಮಾನ್ಯವಾಗಿ ಒಂದು ಕಸುಬೆಂದು ಎಣಿಸುವುದಿಲ್ಲ. ‘ಸಮನ್ವಯ ಸಮಿತಿ’ ಎಂದರೆ ನಮ್ಮ ಕಣ್ಣಮುಂದೆ ಬರುವುದು ಉದ್ದನೆಯ ಮೇಜು, ನೀರಿನ ಬಾಟಲಿ, ಮುಂದಿನ ಸಭೆಯ ದಿನಾಂಕ. ಹ್ಯೂಸ್ಟನ್ನಿನವರು ಇದನ್ನು ಬಡಗಿಯೊಬ್ಬ ಸಂದು ಕೂಡಿಸುವಷ್ಟು ಶ್ರದ್ಧೆಯಿಂದ ಮಾಡಿದ್ದಾರೆ. ಆದ್ದರಿಂದಲೇ ಅದನ್ನು ಹತ್ತಿರ ಹೋಗಿ ನೋಡಬೇಕು.

ಮೊದಲು ಯಾರ ಕೈಯಲ್ಲಿ ಏನಿದೆ ಎಂದು ತಿಳಿಯೋಣ. ಬಾಡಿಗೆಗೆ ಹಣ ಕೊಡುವುದು ಕೇಂದ್ರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ. ಅಲ್ಲಿನವರು ಅದನ್ನು ‘ಹಡ್’ ಎನ್ನುತ್ತಾರೆ. ಆ ಹಣವನ್ನು ವೋಚರ್ ರೂಪದಲ್ಲಿ ಹಂಚುವುದು ಸ್ಥಳೀಯ ವಸತಿ ಪ್ರಾಧಿಕಾರ. ಹ್ಯೂಸ್ಟನ್ನಿನಲ್ಲಿ ನಗರಕ್ಕೊಂದು, ಅದರ ಸುತ್ತಲಿನ ಹ್ಯಾರಿಸ್ ಕೌಂಟಿಗೊಂದು (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ). ಮಾಜಿ ಸೈನಿಕರ ಆಸ್ಪತ್ರೆ, ಔಷಧಿ, ಆಪ್ತಸಲಹೆ ಇನ್ನೊಂದು ಕೇಂದ್ರ ಇಲಾಖೆಯದು. ಮಾನಸಿಕ ಆರೋಗ್ಯ ಕೌಂಟಿಯದು, ಪೊಲೀಸರು ನಗರದವರು. ಊಟ, ಹೊದಿಕೆ, ರಾತ್ರಿ ತಂಗುದಾಣ ಸಂಘಸಂಸ್ಥೆಗಳದ್ದು, ಅವು ನೂರರ ಆಸುಪಾಸು. ಹತ್ತು ಮನೆಯವರು ಸೇರಿ ಮಾಡುವ ಮದುವೆಯಲ್ಲಿ ಪಾಯಸಕ್ಕೆ ಮೂರು ಮನೆಯವರು ಸಕ್ಕರೆ ತಂದು, ಹಂಡೆಗೆ ನೀರು ತುಂಬುವುದನ್ನು ಎಲ್ಲರೂ ಮರೆತ ಹಾಗೆ ಇಲ್ಲೂ ಆಗುತ್ತಿತ್ತು.

ಈ ಕಸುಬಿನ ಮೊದಲ ಕೆಲಸ ಹಂತಗಳನ್ನು ಒಂದೊಂದಾಗಿ ಬರೆದು ಹರವುವುದು. ಕೇಳಲು ಸುಲಭ, ಮಾಡಲು ಬಲು ಕಷ್ಟ, ಏಕೆಂದರೆ ಯಾವ ಕಚೇರಿಗೂ ಇಡೀ ದಾರಿ ಗೊತ್ತಿರುವುದಿಲ್ಲ. ಗುರುತಿನ ಚೀಟಿಯನ್ನೇ ತೆಗೆದುಕೊಳ್ಳಿ. ಬೀದಿಯಲ್ಲಿ ಇರುವವರು ಮೊದಲು ಕಳೆದುಕೊಳ್ಳುವುದು ಅದನ್ನೇ. ಮಳೆಗೆ, ಕಳ್ಳತನಕ್ಕೆ, ಇಲ್ಲವೇ ಗುಡಾರ ಎತ್ತಂಗಡಿ ಮಾಡಿದ ದಿನ ಕಸದ ಲಾರಿಗೆ. ಹೊಸ ಚೀಟಿ ಬೇಕೆಂದರೆ ಜನನ ಪ್ರಮಾಣಪತ್ರ ತನ್ನಿ ಎನ್ನುತ್ತಾರೆ. ಜನನ ಪ್ರಮಾಣಪತ್ರಕ್ಕೆ ಹೋದರೆ ಫೋಟೊ ಇರುವ ಗುರುತಿನ ಚೀಟಿ ಕೇಳುತ್ತಾರೆ. ಸೇನೆಯಲ್ಲಿದ್ದವನು ಬಿಡುಗಡೆ ಪತ್ರವನ್ನೂ ತೋರಿಸಬೇಕು. ಇಷ್ಟೆಲ್ಲ ಹೊಂದಿಸಿ ವೋಚರ್ ಸಿಕ್ಕಿತೆನ್ನಿ. ಆಗ ಮನೆ ಹುಡುಕಬೇಕು, ಪ್ರಾಧಿಕಾರದವರು ಬಂದು ತಪಾಸಣೆ ಮಾಡಬೇಕು, ಬಾಡಿಗೆ ನ್ಯಾಯವಾದದ್ದೇ ಎಂದು ಒಪ್ಪಬೇಕು. ಅಷ್ಟರಲ್ಲಿ ಮಾಲೀಕ ಆ ಮನೆಯನ್ನು ಬೇರೆಯವರಿಗೆ ಕೊಟ್ಟಿರುತ್ತಾನೆ. ಕಚೇರಿ ಅಲೆದು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಂತಗಳನ್ನು ಹರವಿದಾಗ ಕೆಲವು ಎರಡೆರಡು ಸಲ ಬಂದಿರುವುದು, ಕೆಲವು ಒಂದಾದ ಮೇಲೊಂದು ನಡೆಯುವ ಬದಲು ಒಟ್ಟೊಟ್ಟಿಗೆ ನಡೆಯಬಹುದಾದದ್ದು ಕಾಣುತ್ತದೆ. ಎರಡು ಅರ್ಜಿಗಳನ್ನು ಒಂದು ಮಾಡಬಹುದು. ಮನೆಯ ತಪಾಸಣೆಯನ್ನು ಬಾಡಿಗೆದಾರ ಸಿಗುವ ಮೊದಲೇ ಮುಗಿಸಿ ಇಡಬಹುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಆ ನಿಯಮವನ್ನು ಸಡಿಲಿಸುವ ಅಧಿಕಾರ ಇರುವವರು ಅದೇ ಕೋಣೆಯಲ್ಲಿ ಕುಳಿತಿರಬೇಕು, ಅಷ್ಟೇ. ಹ್ಯೂಸ್ಟನ್ನಿನಲ್ಲಿ ಅವರನ್ನು ಕೂರಿಸಿದ್ದು ಆಗಿನ ಮೇಯರ್ ಅನೀಸ್ ಪಾರ್ಕರ್ ಮತ್ತು ಈ ಕೆಲಸಕ್ಕೆಂದೇ ಅವರು ನೇಮಿಸಿಕೊಂಡ ಮ್ಯಾಂಡಿ ಚಾಪ್ಮನ್ ಸೆಂಪಲ್. ಮೇಯರ್ ಕರೆದರೆ ಬರುತ್ತಾರೆ, ಆದರೆ ಮೂರನೇ ಸಭೆಗೂ ಬರುವಂತೆ ಮಾಡುವುದು ಬೇರೆಯದೇ ವಿದ್ಯೆ. 2022ರ ಹೊತ್ತಿಗೆ ಆ 720 ದಿನ 32 ದಿನಕ್ಕೆ ಇಳಿದಿತ್ತು.

ದೆಹಲಿಯಲ್ಲಿ ಅಂತರ್ ಸಚಿವಾಲಯ ಸಮಿತಿಗಳಿರುವ ಹಾಗೆ ವಾಷಿಂಗ್ಟನ್ನಿನಲ್ಲೂ 1987ರ ಕಾಯ್ದೆಯೊಂದು ವಸತಿಹೀನತೆಗೆಂದೇ ಒಂದು ಅಂತರ್ ಇಲಾಖಾ ಮಂಡಳಿ ರಚಿಸಿತ್ತು. 2010ರಲ್ಲಿ ಅದು ಹೊರತಂದ ಯೋಜನೆಯಲ್ಲಿ ಮಾಜಿ ಸೈನಿಕರೆಲ್ಲರಿಗೂ 2015ರೊಳಗೆ ಸೂರು ಎಂಬ ಗುರಿ ಇತ್ತು. ಗುರಿ ಪೂರ್ತಿ ಮುಟ್ಟಲಿಲ್ಲ. ಆದರೂ ದೇಶದಲ್ಲಿ ಸೂರಿಲ್ಲದ ಮಾಜಿ ಸೈನಿಕರ ಸಂಖ್ಯೆ 2010ರಲ್ಲಿದ್ದ ಸುಮಾರು 74,000ದಿಂದ 2024ರ ಹೊತ್ತಿಗೆ 33,000ದ ಒಳಗೆ ಬಂತು. ‘ಹಡ್’ ವೋಚರ್ ಕೊಡಬೇಕು, ಮಾಜಿ ಸೈನಿಕರ ಇಲಾಖೆ ಅದರ ಜೊತೆಗೇ ಒಬ್ಬ ಕೇಸ್ ವರ್ಕರ್‌ನನ್ನು ಕೊಡಬೇಕು ಎಂಬ ಜಂಟಿ ವ್ಯವಸ್ಥೆ ಇದಕ್ಕೆ ಬೆನ್ನೆಲುಬು.

ಕಸುಬಿನ ತಿರುಳು ಇರುವುದು ಮಾತ್ರ ಹೆಸರಿನ ಪಟ್ಟಿಯಲ್ಲಿ. ‘ನಗರದಲ್ಲಿ ಇಷ್ಟು ಸಾವಿರ ವಸತಿಹೀನರು’ ಎಂಬ ಅಂಕಿಯಿಂದ ಯಾರಿಗೂ ನಿದ್ದೆ ಕೆಡುವುದಿಲ್ಲ. ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರು, ಎಲ್ಲಿ ಮಲಗುತ್ತಾರೆ, ಯಾವ ದಾಖಲೆ ಕೈಯಲ್ಲಿದೆ, ಯಾವುದಿಲ್ಲ, ಮುಂದಿನ ಹೆಜ್ಜೆ ಯಾರದು ಎಂದು ಬರೆದಿರುತ್ತದೆ. ಹಿಂದೆ ಪ್ರತಿ ಸಂಸ್ಥೆಯ ಬಳಿ ಅದರದೇ ಪಟ್ಟಿ ಇತ್ತು; ಒಬ್ಬನೇ ಮನುಷ್ಯ ಐದು ಪಟ್ಟಿಯಲ್ಲಿ ಕಾಯುತ್ತಿದ್ದ, ಐದು ಕಡೆಯೂ ತನ್ನ ಬದುಕಿನ ಕಷ್ಟವನ್ನು ಮೊದಲಿನಿಂದ ಹೇಳಬೇಕಾಗುತ್ತಿತ್ತು. ಈಗ ಬೀದಿಗೆ ಹೋಗುವ ಕಾರ್ಯಕರ್ತ ಅವನ ಒಪ್ಪಿಗೆ ಪಡೆದು ಒಮ್ಮೆ ವಿವರ ದಾಖಲಿಸಿದರೆ ಸಾಕು, ಅದು ಎಲ್ಲರಿಗೂ ಸಾಮಾನ್ಯವಾದ ಗಣಕ ಕಡತಕ್ಕೆ ಸೇರುತ್ತದೆ.

ಈ ಪಟ್ಟಿಯನ್ನು ಮುಂದಿಟ್ಟುಕೊಂಡು ನಡೆಯುವ ಸಭೆಗೂ ಮಾಮೂಲಿ ಸಭೆಗೂ ವ್ಯತ್ಯಾಸವಿದೆ. ಇಲ್ಲಿ ಯಾರೂ ಪ್ರಗತಿ ವರದಿ ಓದುವುದಿಲ್ಲ. ಒಂದು ಹೆಸರು ತೆಗೆದುಕೊಳ್ಳುತ್ತಾರೆ: ಇವರ ವೋಚರ್ ಬಂದಿದೆ, ಮನೆ ಸಿಕ್ಕಿಲ್ಲ, ಯಾಕೆ? ಗಾಲಿಕುರ್ಚಿಯಲ್ಲಿರುವವರು, ನೆಲಮಹಡಿಯೇ ಬೇಕು. ಅಂಥ ಮನೆ ಯಾರ ಬಳಿ ಇದೆ? ಯಾರು ಯಾವತ್ತಿನೊಳಗೆ ಫೋನ್ ಮಾಡುತ್ತೀರಿ? ಉತ್ತರ ಬರೆದುಕೊಂಡು ಮುಂದಿನ ಹೆಸರಿಗೆ ಹೋಗುತ್ತಾರೆ. ಅದೇ ಹೆಸರು ಮುಂದಿನ ಸಲವೂ ಅಲ್ಲೇ ಇದ್ದರೆ, ಕಡತ ಯಾರ ಮೇಜಿನ ಮೇಲೆ ಕುಳಿತಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಬೈಯುವ ಅಗತ್ಯವೇ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಸಂಸ್ಥೆಗಳು ಬಿಟ್ಟುಕೊಟ್ಟ ಒಂದು ಹಕ್ಕು. ತನ್ನ ಮನೆಗಳಿಗೆ ಯಾರು ಬರಬೇಕೆಂದು ಮೊದಲು ಆಯಾ ಸಂಸ್ಥೆಯೇ ಆರಿಸುತ್ತಿತ್ತು. ಸಹಜವಾಗಿಯೇ ಕುಡಿಯದವರು, ಮಾತು ಕೇಳುವವರು, ಬೇಗ ‘ಸುಧಾರಿಸುವವರು’ ಮೊದಲು ಒಳಗೆ ಬರುತ್ತಿದ್ದರು. ಈಗ ಅತಿ ಹೆಚ್ಚು ಅಪಾಯದಲ್ಲಿರುವವರಿಗೆ ಮೊದಲ ಸರದಿ, ಕಳುಹಿಸಿದವರನ್ನು ಸಂಸ್ಥೆ ಸೇರಿಸಿಕೊಳ್ಳಬೇಕು. ಕುಡಿತ ಬಿಟ್ಟಮೇಲೆ ಮನೆ ಎನ್ನುವುದಿಲ್ಲ, ಮನೆ ಮೊದಲು, ಉಳಿದದ್ದು ಆಮೇಲೆ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಃಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಶುರುಮಾಡಿದ ಪದ್ಧತಿ ಇದು. ಅಪಾಯವನ್ನು ಅಳೆಯುವುದು ಹೇಗೆ ಎಂಬ ತಕರಾರು ಇನ್ನೂ ಮುಗಿದಿಲ್ಲ. ಅಮೆರಿಕದ ಅನೇಕ ಊರುಗಳು ಬಳಸಿದ ಒಂದು ಪ್ರಶ್ನಾವಳಿ ಕಪ್ಪು ಜನರ ಕಷ್ಟಕ್ಕೆ ಕಡಿಮೆ ಅಂಕ ಕೊಡುತ್ತದೆಂಬ ಆಕ್ಷೇಪ ಬಂದು ಎಷ್ಟೋ ಕಡೆ ಅದನ್ನು ಬದಿಗಿಟ್ಟರು.

ಇಷ್ಟೆಲ್ಲ ಬರೀ ಸದ್ಭಾವನೆಯಿಂದ ಆಗಲಿಲ್ಲ. ‘ಹಡ್’ ಹಣ ಕೊಡುವುದು ಇಡೀ ಪ್ರದೇಶ ಸೇರಿ ಹಾಕುವ ಒಂದೇ ಅರ್ಜಿಗೆ. ಯಾವ ಯೋಜನೆ ಮೇಲೆ, ಯಾವುದು ಕೆಳಗೆ ಎಂದು ಸ್ಥಳೀಯರೇ ಕ್ರಮಾಂಕ ಹಾಕಿ ಕಳಿಸಬೇಕು. ಪಟ್ಟಿಗೆ ಸೇರಲೊಲ್ಲದ ಸಂಸ್ಥೆ ಕೆಳಗಿಳಿಯುತ್ತದೆ. ಲಗಾಮು ಅಲ್ಲಿದೆ.

ಮನೆ ಮಾಲೀಕರ ವಿಷಯ ಇಲಾಖೆಗಳ ಕಣ್ಣಿಗೆ ಬೀಳುವುದು ಕೊನೆಗೆ, ಬೀಳಬೇಕಾದದ್ದು ಮೊದಲು. ಮಾಲೀಕನಿಗೆ ಬಾಡಿಗೆಗಿಂತ ದೊಡ್ಡ ಚಿಂತೆ, ರಾತ್ರಿ ಗಲಾಟೆಯಾದರೆ ಯಾರಿಗೆ ಫೋನ್ ಮಾಡಲಿ ಎಂಬುದು. ಅವನ ಕೈಗೆ ಒಂದೇ ನಂಬರ್ ಕೊಟ್ಟು, ಆ ಕಡೆ ಯಾರಾದರೂ ಎತ್ತುವಂತೆ ನೋಡಿಕೊಂಡರೆ ಮುಂದಿನ ಸಲ ಅವನೇ ಖಾಲಿ ಮನೆ ಇದೆ ಎಂದು ಹೇಳುತ್ತಾನೆ.

ಸೇತುವೆ ಕೆಳಗಿನ ಗುಡಾರಗಳನ್ನು ತೆರವು ಮಾಡುವುದರಲ್ಲಿ ಇದೆಲ್ಲ ಒಟ್ಟಿಗೆ ಕಾಣುತ್ತದೆ. ಹೆದ್ದಾರಿಯ ಕೆಳಗಿನ ಜಾಗ ರಾಜ್ಯ ಸಾರಿಗೆ ಇಲಾಖೆಯದು, ಕಸ ನಗರದ್ದು, ಪಕ್ಕದ ಕಾಲುವೆ ನೆರೆ ನಿಯಂತ್ರಣದವರದು. ಮೊದಲು ಲಾಠಿ, ಆಮೇಲೆ ಲಾರಿ ಎಂಬುದು ಎಲ್ಲ ಊರಿನ ಪದ್ಧತಿ. ಹ್ಯೂಸ್ಟನ್ನಿನಲ್ಲಿ ಈಚಿನ ವರ್ಷಗಳಲ್ಲಿ ಮೊದಲು ಕಾರ್ಯಕರ್ತರು ಹೋಗಿ ಅಲ್ಲಿರುವವರಿಗೆಲ್ಲ ಮನೆ ಗೊತ್ತುಮಾಡುತ್ತಾರೆ, ಅದಕ್ಕೆ ವಾರಗಳೇ ಹಿಡಿಯುತ್ತವೆ. ಅವರು ಹೊರಟ ಮೇಲೆ ಜಾಗ ಮುಚ್ಚುತ್ತಾರೆ.

2011ರಲ್ಲಿ ಈ ಪ್ರದೇಶದಲ್ಲಿ ಸುಮಾರು 8,500 ಜನ ವಸತಿಹೀನರಿದ್ದರು. ಮುಂದಿನ ಒಂದು ದಶಕದಲ್ಲಿ, ಆಮೇಲೆ ಬೀದಿಗೆ ಬಿದ್ದವರೂ ಸೇರಿ, 25,000ಕ್ಕೂ ಹೆಚ್ಚು ಜನ ಮನೆ ಸೇರಿದರು. ಬಹುಪಾಲು ಜನ ಎರಡು ವರ್ಷದ ನಂತರವೂ ಮನೆಯಲ್ಲೇ ಇದ್ದರು. ಎಣಿಕೆ ಶೇ 60ಕ್ಕೂ ಹೆಚ್ಚು ಇಳಿಯಿತು. ಇದನ್ನು ಪವಾಡವೆಂದು ಮಾರುವವರ ಮಾತು ನಂಬಬೇಕಿಲ್ಲ. ಹ್ಯೂಸ್ಟನ್ನಿನಲ್ಲಿ ವಲಯ ನಿಯಮಗಳಿಲ್ಲ, ಮನೆ ಕಟ್ಟುವುದು ಸುಲಭ, ಬಾಡಿಗೆ ಸ್ಯಾನ್ ಫ್ರಾನ್ಸಿಸ್ಕೊದ ಹತ್ತಿರಕ್ಕೂ ಬರುವುದಿಲ್ಲ. ಖಾಲಿ ಮನೆಯೇ ಇಲ್ಲದ ಊರಿನಲ್ಲಿ ಎಂಥ ಸಮನ್ವಯವೂ ಸರದಿಯನ್ನು ಚೊಕ್ಕವಾಗಿ ಜೋಡಿಸಬಲ್ಲುದಷ್ಟೆ. ಇನ್ನೊಂದು ಮುಖವೂ ಇದೆ. ಇದೇ ನಗರ 2012ರಲ್ಲಿ ಅನುಮತಿಯಿಲ್ಲದೆ ಐದಕ್ಕಿಂತ ಹೆಚ್ಚು ಜನಕ್ಕೆ ಬಯಲಲ್ಲಿ ಊಟ ಹಾಕುವುದನ್ನು ನಿರ್ಬಂಧಿಸಿತು, ಅದರ ಜಗಳ ಬಹುಕಾಲ ನಡೆಯಿತು.

ಈಗಿನ ಕಷ್ಟ ಹಣದ್ದು. ಕೋವಿಡ್ ಕಾಲದಲ್ಲಿ ಹರಿದುಬಂದ ಕೇಂದ್ರದ ನೆರವು ತೀರಿತು. 2025ರ ಮಾರ್ಚ್‌ನಲ್ಲಿ ಹೊರಟ ಅಧ್ಯಕ್ಷರ ಆದೇಶ ವಾಷಿಂಗ್ಟನ್ನಿನ ಆ ಅಂತರ್ ಇಲಾಖಾ ಮಂಡಳಿಯನ್ನು ಕಾನೂನಿಗೆ ಬೇಕಾದ ಕನಿಷ್ಠ ಮಟ್ಟಕ್ಕೆ ಇಳಿಸಬೇಕೆಂದಿತು. ಪಟ್ಟಿ ನೋಡಿಕೊಳ್ಳುವವರ ಸಂಬಳಕ್ಕೆ ಹಣ ಹೊಂದಿಸುವುದು ಮೊದಲಿನಿಂದಲೂ ಕಷ್ಟವೇ. ಕಂಬಳಿಗೆ ದಾನಿಗಳಿದ್ದಾರೆ, ಹಬ್ಬದ ಊಟಕ್ಕೂ ಇದ್ದಾರೆ. ಗಾಲಿಕುರ್ಚಿಯವರಿಗೆ ನೆಲಮಹಡಿ ಸಿಕ್ಕಿತೇ ಎಂದು ಮೂರನೇ ಸಲ ಫೋನ್ ಮಾಡುವವರಿಗೆ ಯಾರು ಚೆಕ್ ಬರೆಯುತ್ತಾರೆ?