ಸಂಜೆ ಬಸ್ಸಿಗೆ ಮುಂಚೆ

ಬೀದರಿನ ಚೌಬಾರಾ ದಾಟಿ ಕೋಟೆಯ ಕಡೆ ನಡೆದರೆ ಗವಾನ್ ಮದರಸಾದ ಮಿನಾರು ಎದುರಾಗುತ್ತದೆ. ಎರಡಿದ್ದಲ್ಲಿ ಈಗ ಒಂದೇ. ಮೈತುಂಬ ಇದ್ದ ಬಣ್ಣದ ಹೆಂಚುಗಳು ಕಳಚಿ, ಅಲ್ಲಲ್ಲಿ ನೀಲಿ, ಬಿಳಿ, ಹಳದಿ ತೇಪೆಗಳಷ್ಟೇ ಉಳಿದಿವೆ. ಬಿಸಿಲೇರುವ ಹೊತ್ತಿಗೆ ಪ್ರವಾಸದ ಶಾಲಾಮಕ್ಕಳು ಬರುತ್ತಾರೆ. ಮೇಷ್ಟ್ರು ‘1472’ ಎನ್ನುತ್ತಾರೆ, ಮಕ್ಕಳು ಪಾರಿವಾಳ ನೋಡುತ್ತಾರೆ.

ಆ ಇಸವಿಗಿಂತ ಒಳಗಿನ ಲೆಕ್ಕವೇ ನನಗೆ ಹೆಚ್ಚು ಕುತೂಹಲದ್ದು. ವಿದ್ಯಾರ್ಥಿಗಳಿಗೆ 36 ಕೋಣೆ, ಗುರುಗಳ ವಾಸಕ್ಕೆ 6 ಬಿಡಾರ, ಮಸೀದಿ, ಪಾಠದ ಹಜಾರ, 3,000 ಹೊತ್ತಗೆಗಳ ಭಂಡಾರ. ಎಲ್ಲವೂ ಮೂರಂತಸ್ತಿನ ಒಂದೇ ಸೂರಿನ ಕೆಳಗೆ. ಗೀಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಪ್ರಧಾನಿಯಾದ ಮಹಮೂದ್ ಗವಾನನಿಗೆ ಕಟ್ಟಡದ ಅಂದದಷ್ಟೇ ಗುರುವಿನ ಹಾಸಿಗೆಯ ಚಿಂತೆಯೂ ಇತ್ತು. ರಾತ್ರಿ ಸಂದೇಹ ಬಂದ ಹುಡುಗ ನಾಲ್ಕು ಹೆಜ್ಜೆ ನಡೆದು ಗುರುವಿನ ಬಾಗಿಲು ತಟ್ಟಬಹುದಿತ್ತು. 1481ರಲ್ಲಿ ಖೋಟಾ ಪತ್ರದ ಸಂಚಿಗೆ ಗವಾನನ ತಲೆ ಹೋಯಿತು. 1696ರಲ್ಲಿ ಸಿಡಿಲು ಬಡಿದು ಮುಂಭಾಗ ಸಿಡಿಯಿತು. ಒಳಗೆ ಮದ್ದು ತುಂಬಿಟ್ಟಿದ್ದರು. ಪಾಠಶಾಲೆಯನ್ನು ಮದ್ದಿನ ಮನೆ ಮಾಡಿದವರ ತಪ್ಪನ್ನು ಸಿಡಿಲಿನ ತಲೆಗೆ ಕಟ್ಟುವುದು ಸರಿಯಲ್ಲ.

ಈ ಊರಿನ ಓಣಿಗಳಲ್ಲಿ ಹಿಫ್ಜ್, ಅಂದರೆ ಇಡೀ ಕುರ್‌ಆನ್ ಬಾಯಿಪಾಠ ಮಾಡುವ ಓದು, ಇನ್ನೂ ನಡೆಯುತ್ತದೆ. ರೇಹಲಿನ ಮೇಲೆ ಕುರ್‌ಆನ್, ಮುಂದಕ್ಕೂ ಹಿಂದಕ್ಕೂ ತೂಗುವ ಟೋಪಿಗಳು, ಒಬ್ಬೊಬ್ಬರಾಗಿ ಉಸ್ತಾದರ ಮುಂದೆ ಸಬಕ್ ಒಪ್ಪಿಸುವ ಸರದಿ. ಮೂವತ್ತೂ ಪಾರಾ ಬಾಯಿಗೆ ಬರುವ ಹೊತ್ತಿಗೆ ಮೀಸೆ ಚಿಗುರಿರುತ್ತದೆ, ಭಿನ್ನರಾಶಿ ಮಾತ್ರ ಕಂಡಿರುವುದಿಲ್ಲ. 1989ರಲ್ಲಿ ಅಬ್ದುಲ್ ಖದೀರ್ ಬೆರಳೆಣಿಕೆಯ ಮಕ್ಕಳೊಂದಿಗೆ ಆರಂಭಿಸಿದ ಶಾಹೀನ್ ಸಂಸ್ಥೆ ಇಂಥ ಹಾಫಿಜರನ್ನು ಕರೆದು, ಕೂಡುವ ಕಳೆಯುವ ಲೆಕ್ಕದಿಂದಲೇ ಹಿಡಿದು ಹತ್ತನೇ ತರಗತಿಗೆ, ಅಲ್ಲಿಂದ ನೀಟ್ ಪರೀಕ್ಷೆಗೆ ಹತ್ತಿಸಿತು. ಹಿಂದುಳಿದವರಿಗೆಂದು ಅಲ್ಲಿ ‘ಐಸಿಯು’ ಹೆಸರಿನ ತರಗತಿಯೇ ಇದೆ. ಕೆಲವು ಹಾಫಿಜರು ವೈದ್ಯಕೀಯ ಸೀಟೂ ಪಡೆದರು. ಗಂಟೆಗಟ್ಟಲೆ ಅಲುಗದೆ ಕೂರುವ ಅಭ್ಯಾಸ ಉಸ್ತಾದರು ಕೊಟ್ಟದ್ದು, ಅದಕ್ಕೆ ಗಣಿತ ಸೇರಿತು. ಆದರೂ ಒಂದು ತಕರಾರು ನನ್ನದು: ಎಲ್ಲ ಊರಿನ ಕೋಚಿಂಗ್ ಫ್ಲೆಕ್ಸುಗಳಲ್ಲೂ ಡಾಕ್ಟರಾದವರ ಮುಖಗಳೇ. ಇತಿಹಾಸ ಓದಿ ಗವಾನನ ಪಾರಸಿ ಪತ್ರಗಳನ್ನು ಬಿಡಿಸಬಲ್ಲ ಹಾಫಿಜನ ಫೋಟೊ ಯಾವ ಕಂಬದ ಮೇಲೂ ಕಾಣೆ.

ಭಾಲ್ಕಿಯ ಹಿರೇಮಠದಲ್ಲಿ ನೋಟ ಬೇರೆ, ಕಥೆ ಅದೇ. ನಿಜಾಮರ ಕಾಲದಲ್ಲಿ ಉರ್ದುವೇ ಆಡಳಿತದ ಮಾತು. ಮಠಾಧೀಶರಾಗಿದ್ದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗಿಸಿ ಒಳಗೆ ಕನ್ನಡ ಕಲಿಸಿದರು, ಜೋಳಿಗೆ ಹಿಡಿದು ಮಕ್ಕಳ ಅನ್ನ ತಂದರು. ಮಠದಲ್ಲೇ ಊಟ, ಮಠದಲ್ಲೇ ಪಾಠ, ರಾತ್ರಿ ಅಲ್ಲೇ ನಿದ್ದೆ. ಗುರು ಎಲ್ಲೂ ಹೋಗುತ್ತಿರಲಿಲ್ಲ. ಈಗ ಇದೇ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಬೀದರ್ ವಿಶ್ವವಿದ್ಯಾಲಯವೇ ನಿಂತಿದೆ.

ಇದೇ ಜಿಲ್ಲೆಯ ಔರಾದ ಗಡಿಯ ತಾಲ್ಲೂಕು. ಹೋಟೆಲಿನ ಒಂದೇ ಬಾಕಿನ ಮೇಲೆ ಮರಾಠಿ, ಉರ್ದು, ತೆಲುಗು, ಕನ್ನಡ ಕೂತು ಚಹಾ ಕುಡಿಯುತ್ತವೆ. ಮನೆಯಲ್ಲಿ ಒಂದು ಮಾತು, ಪುಸ್ತಕದಲ್ಲಿ ಇನ್ನೊಂದು. ಡಿಗ್ರಿಗೆ ಬಂದ ಮೇಲೂ ನೋಟ್ಸು ಬಾಯಿಪಾಠವೇ. ಮದರಸಾ ಬಿಟ್ಟು ಬಂದ ಹುಡುಗನಿಗೂ ತಾಂಡಾದ ಹುಡುಗಿಗೂ ಇಲ್ಲಿ ಬೇಕಾದದ್ದು ಇನ್ನೊಂದು ಕಟ್ಟಡವಲ್ಲ, ತರಗತಿ ಮುಗಿದ ಮೇಲೂ ಸಿಗುವ ಒಬ್ಬ ಮೇಷ್ಟ್ರು. ಸರ್ಕಾರಿ ಡಿಗ್ರಿ ಕಾಲೇಜುಗಳ ಪಾಠದ ದೊಡ್ಡ ಪಾಲು ನಡೆಯುವುದು ಅತಿಥಿ ಉಪನ್ಯಾಸಕರಿಂದ. ವರ್ಷ ವರ್ಷವೂ ನವೀಕರಣಕ್ಕೆ ಕಾಯುವವರು ಊರಿನಲ್ಲಿ ಮನೆ ಮಾಡಲಿ ಎಂದು ಯಾವ ಬಾಯಿಂದ ಹೇಳುವುದು? ಗವಾನ್ ಕೊಟ್ಟ ಆ ಬಿಡಾರದ ಬೆಲೆ ಔರಾದ ಬಸ್ ನಿಲ್ದಾಣದಲ್ಲಿ ತಿಳಿಯುತ್ತದೆ.

ಸಂಜೆ ಬೀದರ್ ಬಸ್ಸು ಹೊರಡುತ್ತದೆ. ಚೀಲ ಹೆಗಲಿಗೇರಿಸಿದ ಉಪನ್ಯಾಸಕರು ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ಹುಡುಗನೊಬ್ಬ ಓಡಿ ಬರುತ್ತಾನೆ.

“ಸರ್, ಒಂದ್ ಡೌಟ್ ಇತ್ತ್ರಿ.”

“ನಾಳೆ ಕ್ಲಾಸಿನಾಗ ಕೇಳಪ್ಪ.”

“ನಾಳೆ ಐತವಾರ ಅದ ರೀ ಸರ್.”

ಕಂಡಕ್ಟರು ಸೀಟಿ ಊದುತ್ತಾನೆ.