ಹಣ ಪಡೆಯಲು ಪಿನ್ ಏಕೆ?

ಹೂವಿನ ಬುಟ್ಟಿಯಿಂದ ಹಿಡಿದು ಎಳನೀರಿನ ಗಾಡಿಯವರೆಗೆ ಈಗ ಎಲ್ಲೆಲ್ಲೂ ಕ್ಯೂಆರ್ ಕೋಡ್. ಜಪಾನಿನಲ್ಲಿ 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಹುಟ್ಟಿದ ಈ ಕಪ್ಪು-ಬಿಳಿ ಚೌಕ, 2016ರಲ್ಲಿ ಯುಪಿಐ ಬಂದ ಮೇಲೆ ನಮ್ಮ ಸಣ್ಣ ವ್ಯಾಪಾರಿಗಳ ಗಲ್ಲಾಪೆಟ್ಟಿಗೆಯೇ ಆಗಿಬಿಟ್ಟಿದೆ. ಚಿಲ್ಲರೆಯ ತಕರಾರು ತಪ್ಪಿತು, ನಿಜ. ಆದರೆ ಗಲ್ಲಾ ಇದ್ದಲ್ಲಿ ಕಳ್ಳರ ಕಣ್ಣೂ ಇರುತ್ತದೆ. ಇಂದಿನ ಕಳ್ಳ ಬೀಗ ಒಡೆಯುವುದಿಲ್ಲ. ಮಾತಿನಲ್ಲಿ ಮರುಳು ಮಾಡಿ, ನಮ್ಮ ಕೈಯಿಂದಲೇ ಬೀಗ ತೆಗೆಸುತ್ತಾನೆ.

ದೊಡ್ಡ ಆರ್ಡರಿನ ಆಸೆ

"ನಾನು ಸೇನೆಯವನು. ಕ್ಯಾಂಪಿಗೆ ನಾಳೆ ಐವತ್ತು ಊಟ ಬೇಕು, ಮುಂಗಡ ಈಗಲೇ ಕಳಿಸುತ್ತೇನೆ." ಹೋಟೆಲು, ಬೇಕರಿಗಳಿಗೆ ಇಂಥ ಕರೆ ಬರುವುದುಂಟು. ನಂಬಿಕೆ ಹುಟ್ಟಲೆಂದು ಗುರುತಿನ ಚೀಟಿಯ ಫೋಟೊ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಹಿಂದೆಯೇ ಒಂದು ಕ್ಯೂಆರ್ ಕೋಡ್: "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ." ಒತ್ತಿದರೆ ಹಣ ಬರುವುದಿಲ್ಲ, ಹೋಗುತ್ತದೆ! ಯುಪಿಐ ಪಿನ್ ಇರುವುದು ಹಣ ಕೊಡುವುದಕ್ಕೆ ಮತ್ತು ನಮ್ಮ ಖಾತೆಯ ಬಾಕಿ ನೋಡುವುದಕ್ಕೆ. ಹಣ ಪಡೆಯಲು ಪಿನ್ ಬೇಡ, ಸ್ಕ್ಯಾನ್ ಮಾಡುವುದೂ ಬೇಡ. ಇದೊಂದು ಮಾತು ನೆನಪಿದ್ದರೆ ಅರ್ಧ ಗೆದ್ದಂತೆ.

ಗಿರಾಕಿಯ ಫೋನ್ ಸಾಕ್ಷಿಯಲ್ಲ

ಹಸಿರು ಟಿಕ್ ತೋರಿಸುವ ನಕಲಿ ಆ್ಯಪ್‌ಗಳಿವೆ. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಹೊರಡುವವರೂ ಇದ್ದಾರೆ. ಹಣ ಬಂದಿದೆಯೇ ಎಂದು ನಿಮ್ಮ ಆ್ಯಪ್‌ನಲ್ಲೇ ನೋಡಿ, ಇಲ್ಲವೇ ಸೌಂಡ್‌ಬಾಕ್ಸ್ ಹೇಳುವವರೆಗೆ ಕಾಯಿರಿ. "ತಪ್ಪಿ ಐದು ಸಾವಿರ ಹಾಕಿಬಿಟ್ಟೆ ಅಣ್ಣಾ, ವಾಪಸ್ ಕಳಿಸಿ" ಎಂದು ಯಾರಾದರೂ ಗೋಗರೆದರೆ ಬಂದ ಎಸ್ಸೆಮ್ಮೆಸ್ಸನ್ನು ನಂಬಬೇಡಿ. ಅದನ್ನೂ ಅವರೇ ಕಳಿಸಿರಬಹುದು. ಮೊದಲು ಖಾತೆ ನೋಡಿ.

ಚೀಟಿಯ ಮೇಲೊಂದು ಚೀಟಿ

2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಕಳ್ಳರು ರಾತ್ರಿ ಹೊತ್ತು ಹಲವು ಅಂಗಡಿಗಳ ಕ್ಯೂಆರ್ ಮೇಲೆ ತಮ್ಮದನ್ನು ಅಂಟಿಸಿಹೋಗಿದ್ದರು. ಗಿರಾಕಿಗಳು ಕೊಟ್ಟ ಹಣ ಕಳ್ಳರ ಖಾತೆ ಸೇರುತ್ತಿತ್ತು. ಸ್ಕ್ಯಾನ್ ಮಾಡಿದಾಗ ಬೇರೆ ಹೆಸರು ಬಂದದ್ದರಿಂದ ಗುಟ್ಟು ಹೊರಬಿತ್ತು. ಬೆಳಿಗ್ಗೆ ಬಾಗಿಲು ತೆರೆದು ಊದುಬತ್ತಿ ಹಚ್ಚಿದ ಮೇಲೆ ನಿಮ್ಮ ಕೋಡನ್ನು ಒಮ್ಮೆ ನೀವೇ ಸ್ಕ್ಯಾನ್ ಮಾಡಿ, ಹೆಸರು ನೋಡಿಕೊಳ್ಳಿ. ಸಾಧ್ಯವಾದರೆ ರಾತ್ರಿ ಬೋರ್ಡನ್ನು ಒಳಗಿಡಿ.

ಇವಿಷ್ಟು ರೂಢಿಯಾಗಲಿ

* ಅಂಗಡಿಯ ವಹಿವಾಟಿಗೇ ಒಂದು ಪ್ರತ್ಯೇಕ ಖಾತೆ ಇರಲಿ. ಉಳಿತಾಯದ ಹಣ ಬೇರೆ ಖಾತೆಯಲ್ಲಿರಲಿ.
* ಮದುವೆ ಕರೆಯೋಲೆ, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲ್ ತೆರೆಯಬೇಡಿ. ಅದು ಫೋನಿನೊಳಗೆ ನುಗ್ಗುವ ಆ್ಯಪ್.
* ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ.
* ಬ್ಯಾಂಕಿನ ಸಹಾಯವಾಣಿ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ, ನಕಲಿ ಸಂಖ್ಯೆಗಳೂ ಅಲ್ಲಿರುತ್ತವೆ. ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಬದಿ ನೋಡಿ.

ಹಣ ಹೋದರೆ?

ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾ ಹೋಗುತ್ತಾರೆ. ಅದು ಕೈಮೀರುವ ಮೊದಲೇ ದೂರು ತಲುಪಿದರೆ ನಡುವೆಯೇ ತಡೆಹಿಡಿಯಲು ಸಾಧ್ಯ. ಹಣ ಹೋದ ಸಮಯ, ಮೊತ್ತ ಮತ್ತು ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮಕ್ಕಳೇ, ಶಾಲೆ ಬಿಟ್ಟ ಮೇಲೆ ಅಪ್ಪ, ಅಮ್ಮ ಅಥವಾ ಅಜ್ಜಿಯ ಅಂಗಡಿಯಲ್ಲಿ ಕೂರುತ್ತೀರಾ? ಹಾಗಾದರೆ ನಿಮಗೊಂದು ಕೆಲಸ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಹಣ ಪಡೆಯಲು ಪಿನ್ ಬೇಡ. ಮೋಸವಾದರೆ 1930" ಎಂದು ಬರೆದು, ಗಲ್ಲಾದ ಬಳಿ ಅವರ ಕಣ್ಣಿಗೆ ಬೀಳುವಂತೆ ತೂಗುಹಾಕಿ.